ಒಡಪಿನಲ್ಲಿ ಬಾರದ ಹೆಸರು

ನನ್ನ ಹೆಂಡತಿಯ ಬುದ್ಧಿಯನ್ನು ಅಳೆಯಲು ಯಾದಗಿರಿಯ ಆ ಖಾಸಗಿ ದವಾಖಾನೆಯಲ್ಲಿ ಮೊದಲ ಸಲ ತೆಗೆದುಕೊಂಡ ಸಮಯ ಹನ್ನೊಂದು ನಿಮಿಷ. ಗೋಡೆಯ ಗಡಿಯಾರ ನನ್ನ ಎದುರಿಗೇ ಇತ್ತು. ಮೂವತ್ತನಾಲ್ಕು ವರ್ಷ ಭೂಮಾಪನ ಇಲಾಖೆಯಲ್ಲಿ ದುಡಿದವನು ನಾನು. ಎರಡು ಎಕರೆ ಹೊಲದ ಎಲ್ಲೆ ಗುರುತಿಸಬೇಕಾದರೂ ಸುತ್ತಲಿನ ಹೊಲದವರಿಗೆ ಮುಂಚಿತವಾಗಿ ನೋಟಿಸು ಕೊಟ್ಟು, ಅವರ ಕಣ್ಣೆದುರಿಗೇ ಅಳೆದು, ತಕರಾರು ಇದೆಯೇ ಎಂದು ಕೇಳಿ ಸಹಿ ಪಡೆಯುತ್ತಿದ್ದೆವು. ಒಬ್ಬ ಹೆಣ್ಣುಮಗಳ ತಿಳಿವಳಿಕೆ ಎಲ್ಲಿಗೆ ಮುಗಿಯಿತೆಂದು ಗೆರೆ ಎಳೆಯಲು ಅಷ್ಟೂ ಬೇಕಾಗಲಿಲ್ಲ.

ನಮ್ಮನ್ನು ಅಲ್ಲಿಗೆ ಹೊರಡಿಸಿದವಳು ಸೊಸೆ. ಶಹಾಪುರದ ಮನೆಯಲ್ಲಿ ನಾವು ನಾಲ್ವರು: ನಾನು, ಹೆಂಡತಿ, ಸಾರಿಗೆ ಬಸ್ಸಿನ ಚಾಲಕನಾದ ಮಗ, ಪಡಸಾಲೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಓಣಿಯ ಹೆಂಗಸರ ಕುಪ್ಪಸ ಹೊಲಿಯುವ ಸೊಸೆ. ಮಗ ಮನೆಯಲ್ಲಿರುವುದೇ ಕಡಿಮೆ. ಅತ್ತೆಯನ್ನು ದಿನವಿಡೀ ಹತ್ತಿರದಿಂದ ಕಾಣುತ್ತಿದ್ದವಳು ಸೊಸೆಯೇ. ಆದ್ದರಿಂದ ಮೊದಲು ಬಾಯಿ ಬಿಟ್ಟವಳೂ ಅವಳೇ.

“ಮಾವಾರ, ಅತ್ತ್ಯಾರಿಗೆ ರೊಟ್ಟಿ ಬಡಿಯೂದು ಮರತಂಗ ಕಾಣ್ತದ್ರಿ.”

“ಐವತ್ತು ವರ್ಷ ಬಡದಾಕಿಗೆ ರೊಟ್ಟಿ ಮರೀತದೇನವಾ?”

“ಹಿಟ್ಟು ನಾದಿ ಮುಂದ ಇಟ್ಕೊಂಡು ಸುಮ್ನ ಕುಂತಿರ್ತಾರ್ರಿ. ‘ಮುಂದೇನವಾ?’ ಅಂತ ನನ್ನ ಕೇಳ್ತಾರ.”

“ಅತ್ತಿ ಒಲಿ ಕಸಗೊಳ್ಳಾಕ ಇಷ್ಟು ಅವಸರ ಬ್ಯಾಡ” ಎಂದೆ.

ಸೊಸೆ ಯಂತ್ರದ ಮುಂದೆ ಹೋಗಿ ಕುಳಿತಳು. ಆ ದಿನ ಬಹಳ ಹೊತ್ತು ಯಂತ್ರದ ಸದ್ದು ನಿಲ್ಲಲಿಲ್ಲ. ಸೊಸೆ ಅತ್ತೆಯ ಮೇಲೆ ಚಾಡಿ ಹೇಳಿದಳೆಂದು ನಾನು ಮನಸ್ಸಿನಲ್ಲಿಟ್ಟುಕೊಂಡೆ. ನಾನು ಇಂಥವುಗಳನ್ನು ಮರೆಯುವವನಲ್ಲ.

ಮೂರು ತಿಂಗಳ ನಂತರ ಮಗನೂ ಅವಳ ಕಡೆಗೆ ಸೇರಿದ್ದರಿಂದ ಯಾದಗಿರಿಗೆ ಹೋದೆವು. ವೈದ್ಯೆ ಮೈಸೂರು ಸೀಮೆಯವರು, ಚಿಕ್ಕ ವಯಸ್ಸು. ಕೈಯಲ್ಲಿ ಅಚ್ಚಾದ ಒಂದು ಹಾಳೆ.

“ಅಮ್ಮ, ಇವತ್ತು ಯಾವ ತಾರೀಖು?”

ಹೆಂಡತಿ ಸೆರಗು ಸರಿಪಡಿಸಿಕೊಂಡಳು. “ನಾಗರ ಪಂಚಮಿ ಆಗಿ ಎಂಟು ದಿನ ಆತ್ರಿ.”

“ತಾರೀಖು ಹೇಳಿ ಅಮ್ಮ.”

“ಎಂಟು ದಿನ ಆತಂತ ಹೇಳಿದ್ನಲ್ರಿ ಡಾಕ್ಟರ ಬಾಯಾರ.”

“ಸರಿ, ಈಗ ಯಾವ ಕಾಲ? ಬೇಸಿಗೆನಾ, ಚಳಿಗಾಲನಾ?”

“ಮಗಿ ಮಳಿ ನಡದದ್ರಿ. ಆದ್ರ ಮಳಿ ಎಲ್ಲದ? ಹೆಸರಿಗಷ್ಟ ಮಗಿ.”

ನನಗೆ ಹೆಮ್ಮೆಯಾಯಿತು. ಅದು ಮಘಾ ನಕ್ಷತ್ರದ ಮಳೆಯ ಕಾಲವೇ. ಮಳೆ ಬಾರದೆ ಹೋದದ್ದೂ ನಿಜವೇ. ಆದರೆ ವೈದ್ಯೆಯ ಹಾಳೆಯಲ್ಲಿ ಎರಡೂ ಉತ್ತರಗಳ ಮುಂದೆ ಸೊನ್ನೆ ಬಿತ್ತು. ಬೋನಾಳದ ಕೆರೆಯ ದಂಡೆಯಲ್ಲಿ ಹುಟ್ಟಿ, ಮಳೆಗಳ ಹೆಸರಿನಿಂದಲೇ ವರ್ಷವನ್ನು ಎಣಿಸುತ್ತ ಬಂದವಳನ್ನು ಆ ಹಾಳೆ ಆಂಗ್ಲ ತಾರೀಖಿನಿಂದ ತೂಗುತ್ತಿತ್ತು.

ಬಳಿಕ ಅವರು ನನ್ನ ಕಡೆ ಬೆರಳು ತೋರಿಸಿದರು. “ಇವರು ಯಾರಮ್ಮ?”

ಹೆಂಡತಿ ನೆಲ ನೋಡಿ ನಕ್ಕಳು. “ಗೊತ್ತದ ತಗೋರಿ.”

“ಹೆಸರು ಹೇಳಿ.”

“ಏ, ಹೆಂಗ ಹೇಳೂದ್ರಿ?”

ಪಕ್ಕದಲ್ಲಿ ನಿಂತಿದ್ದ ನರ್ಸ್ ನಮ್ಮ ಕಡೆಯವಳು. “ಮೇಡಂ, ನಮ್ಮ ಕಡೆ ಗಂಡನ ಹೆಸರು ಹಂಗ ಹೇಳಂಗಿಲ್ರಿ, ಒಡಪ ಹಾಕಿ ಹೇಳ್ತಾರ” ಎಂದು, ಹೆಂಡತಿಯ ಕಡೆ ತಿರುಗಿ, “ಅವ್ವಾರ, ಒಂದು ಒಡಪ ಹೇಳ್ರಿ ನೋಡೂನು” ಎಂದಳು.

ಗಂಡನ ಹೆಸರನ್ನು ಪ್ರಾಸದ ನಾಲ್ಕು ಸಾಲುಗಳಲ್ಲಿ ಮಡಚಿಟ್ಟು ಹೇಳುವುದೇ ಒಡಪು. ಮದುವೆ, ಸೀಮಂತಗಳಲ್ಲಿ ಹೆಂಗಸರು ಬಾಗಿಲಿಗೆ ಅಡ್ಡ ನಿಂತು ಹೇಳಿಸುತ್ತಾರೆ. ನನ್ನ ಹೆಂಡತಿ ಈ ವಿದ್ಯೆಯಲ್ಲಿ ಸುರಪುರ ಸೀಮೆಗೇ ಹೆಸರಾದವಳು. ಇತರರು ಕೇಳಿ ಕಲಿತದ್ದನ್ನು ಹೇಳಿದರೆ ಇವಳು ತಾನೇ ಕಟ್ಟಿದ್ದನ್ನು ಹೇಳುತ್ತಿದ್ದಳು. ಕುರ್ಚಿಯಲ್ಲಿ ನೆಟ್ಟಗೆ ಕುಳಿತು ಶುರು ಮಾಡಿದಳು:

“ಬೋನಾಳ ಕೆರಿಮ್ಯಾಲ ಬೆಳ್ಳಕ್ಕಿ ಸಾಲ,
ಒಲಿಮ್ಯಾಲ ಉಕ್ಕೇದ ಎಮ್ಮಿಯ ಹಾಲ,
ಹಾಲ ಇಳಸ್ರೀ ಅಂದ್ರ ಕೇಳದಂಗ ಕುಂತು
ನಕಾಶಿ ನೋಡ್ತಾರ ನಮ್ಮ…”

ಅಲ್ಲಿ ನನ್ನ ಹೆಸರು ಬರಬೇಕಿತ್ತು. ಹೆಂಡತಿ ನಿಂತಳು. ಒಂದು ಕ್ಷಣ ನರ್ಸಿನ ಮುಖ ನೋಡಿದಳು, ಆಮೇಲೆ ವೈದ್ಯೆಯ ಮುಖ. “ಮುಂದಿಂದು ನಿಮಗ್ಯಾಕ ಬೇಕ್ರಿ? ನೀವೇನು ಅವರಿಗೆ ಹೆಣ್ಣು ಕೊಡಾಕ ಬಂದೀರೇನು?”

ನರ್ಸ್ ಬಿದ್ದು ಬಿದ್ದು ನಕ್ಕಳು. ನಾನೂ ನಕ್ಕೆ. ಇಷ್ಟು ಚುರುಕಾಗಿ ಮಾತು ತಿರುಗಿಸುವವಳ ತಲೆಗೆ ಏನಾಗಿದೆ? ಸೊಸೆ ಮಾತ್ರ ನಗಲಿಲ್ಲ; ವೈದ್ಯೆಯೂ ನಗಲಿಲ್ಲ. ಹಾಳೆಯಲ್ಲಿ ಗಂಡನ ಹೆಸರು ಹೇಳಲಾಗಲಿಲ್ಲವೆಂದು ಇಂಗ್ಲಿಷಿನಲ್ಲಿ ಬರೆದರು. ನನ್ನ ಕಣ್ಣುಗಳು ಇನ್ನೂ ಚೆನ್ನಾಗಿವೆ. ತಲೆಕೆಳಗಾದ ಅಕ್ಷರವನ್ನೂ ಓದಬಲ್ಲೆ.

“ಹೇಳಲಾಗಲಿಲ್ಲ ಅಲ್ರಿ, ಹೇಳಲಿಲ್ಲ. ಎರಡಕ್ಕೂ ಫರಕ್ ಅದ” ಎಂದೆ.

“ಸರ್, ಕೂತ್ಕೊಳ್ಳಿ. ಇದೊಂದರ ಮೇಲೆ ನಾನು ಏನೂ ತೀರ್ಮಾನ ಮಾಡ್ತಿಲ್ಲ. ರಕ್ತ ಪರೀಕ್ಷೆ ಆಗ್ಬೇಕು, ತಲೆಯದೊಂದು ಸ್ಕ್ಯಾನ್ ಆಗ್ಬೇಕು…”

“ನಮ್ಮ ಕಡಿ ರೀತಿ ರಿವಾಜ್ ಗೊತ್ತಿಲ್ಲದವರು ನಮ್ಮ ಹೆಣ್ಣುಮಕ್ಕಳ ತಲಿ ಅಳೀಬಾರದು.”

ಅವರು ಬರೆದುಕೊಟ್ಟ ಚೀಟಿಯನ್ನು ಮೇಜಿನ ಮೇಲೆಯೇ ಬಿಟ್ಟು ಎದ್ದು ಬಂದೆ. ಶಹಾಪುರದ ಬಸ್ಸಿನಲ್ಲಿ ಸೊಸೆ ನಮ್ಮಿಂದ ಎರಡು ಸೀಟು ಹಿಂದೆ ಕುಳಿತಳು.

ಮನೆಗೆ ಬಂದು ಕೈಕಾಲು ತೊಳೆದು, ಗೋಡೆಯ ಕ್ಯಾಲೆಂಡರ್ ನೋಡಿದೆ. ಪಂಚಮಿಯಾಗಿ ಎಂಟು ದಿನವಲ್ಲ, ಹದಿನೆಂಟು ದಿನ ಕಳೆದಿದ್ದವು. ಒಂದು ಅಳತೆಯನ್ನು ಮೂರು ಸಲ ತಾಳೆ ನೋಡದೆ ಸಹಿ ಹಾಕದವನು, ಆ ಉತ್ತರವನ್ನು ಒಂದು ಸಲವೂ ತಾಳೆ ನೋಡದೆ ಜಗಳ ಮಾಡಿ ಬಂದಿದ್ದೆ. ಯಾರಿಗೂ ಹೇಳಲಿಲ್ಲ. ಹತ್ತು ದಿನದ ತಪ್ಪು ಯಾರಿಗಾದರೂ ಆಗುತ್ತದೆ ಎಂದುಕೊಂಡೆ.

ಆ ದವಾಖಾನೆಯಲ್ಲಿ ತೀರ್ಮಾನ ಮಾಡಿದವರು ವೈದ್ಯೆಯಲ್ಲ ಎಂಬುದು ಈಗ ನನಗೆ ತಿಳಿದಿದೆ. ಅವರು ಚೀಟಿ ಕೊಟ್ಟಿದ್ದರು. ತೀರ್ಮಾನ ಮಾಡಿದವನು ನಾನು, ಮತ್ತು ಅದು ಒಂದು ವರ್ಷ ನಡೆಯಿತು.

ಆ ವರ್ಷ ನಮ್ಮ ಭಾಷೆಯ ಬಗ್ಗೆಯೇ ನನಗೆ ಸಿಟ್ಟು ಬಂತು. ಸಕ್ಕರೆ ಕಾಯಿಲೆಗೆ, ಬಿಪಿಗೆ ನಮ್ಮ ಜನ ಮರ್ಯಾದೆಯಿಂದ ಹೆಸರು ಕೊಟ್ಟಿದ್ದಾರೆ. ಕೇಳಿದವರು “ಹುಷಾರಾಗಿರ್ರಿ” ಎನ್ನುತ್ತಾರೆ. ಇದಕ್ಕೆ ಮಾತ್ರ ಇರುವ ಮಾತುಗಳೆಲ್ಲ ಬೈಗುಳಗಳೇ: ಅರಳು ಮರಳು, ತಲಿ ಕೆಟ್ಟದ, ಗಾಳಿ ಹತ್ತೇದ. ಓಣಿಯ ಕಿರಾಣಿ ಅಂಗಡಿಯವನು ನಾಲ್ಕು ಜನರ ಮುಂದೆ ನನಗೆ ಹೇಳಿದ್ದು ಅಕ್ಷರಶಃ ನೆನಪಿದೆ: “ಅಜ್ಜಾರ, ಅವ್ವಾರು ಮುಂಜಾನಿಂದ ಮೂರು ಸಲ ಸಕ್ಕರಿ ಒಯ್ದಾರ. ಮನಿಯಾಗ ಇರುವಿ ಸಾಕೀರೇನು?” ಅಂದು ನಕ್ಕ ನಾಲ್ವರೂ ಯಾರೆಂದು ನನಗೆ ಗೊತ್ತಿದೆ. ಆ ಅಂಗಡಿಗೆ ನಾನು ಮತ್ತೆ ಕಾಲಿಟ್ಟಿಲ್ಲ.

ಸಗರದಲ್ಲಿ ನನ್ನ ತಮ್ಮನ ಮನೆಯಲ್ಲಿ ನಡೆದದ್ದು ಇನ್ನೂ ಹೆಚ್ಚಿನದು. ತಮ್ಮನ ಮಗಳ ನಿಶ್ಚಿತಾರ್ಥ. ಹೆಂಗಸರು ಎಂದಿನಂತೆ ನನ್ನ ಹೆಂಡತಿಯನ್ನು ಸುತ್ತುವರಿದು ಒಡಪು ಕೇಳಿದರು. ಬೆಳ್ಳಕ್ಕಿಯ ಸಾಲನ್ನೇ ಹೇಳಿದಳು, ಹೆಸರಿನ ಜಾಗಕ್ಕೆ ಬಂದು ನಿಂತು, ಮತ್ತೆ ಮೊದಲಿನಿಂದ ಹೇಳಿದಳು, ಮತ್ತೆ ನಿಂತಳು. ಮೂರನೆಯ ಸಲಕ್ಕೆ ಹುಡುಗಿಯರು ಕಿಸಕ್ಕನೆ ನಕ್ಕರು. ಅಡುಗೆಮನೆಯ ಬಾಗಿಲಿನಿಂದ ತಮ್ಮನ ಹೆಂಡತಿಯ ದನಿ ಗಂಡಸರ ಪಂಕ್ತಿಯವರೆಗೂ ಬಂತು:

“ಬಿಡ್ರೆವಾ, ಅಕ್ಕಗ ಅರಳು ಮರಳು ಹತ್ತೇದ. ಕಟಗೊಂಡವರ ಹೆಸರ ಮರತಾಳ, ಇನ್ನ ಒಡಪ ಎಲ್ಲಿಂದು!”

ನನ್ನ ಎಲೆಯ ಮೇಲೆ ಹೋಳಿಗೆ ಬಡಿಸಿದ್ದರು. ತುಪ್ಪ ಹಾಕಲು ಬಾಗಿದ್ದರು. ಎದ್ದೆ. ತಮ್ಮ ಹಿಂದೆ ಓಡಿ ಬಂದ.

“ಅಣ್ಣಾ, ಹೆಣ್ಣುಮಕ್ಕಳ ಮಾತು ಮನಸಿಗಿ ಹಚ್ಕೋಬ್ಯಾಡ.”

“ಹೆಣ್ಣುಮಕ್ಕಳ ಮಾತಲ್ಲ, ನಿನ್ನ ಹೆಂಡ್ತಿ ಮಾತು. ಫರಕ್ ಅದ.”

ಹೆಂಡತಿಯನ್ನು ಕರೆದುಕೊಂಡು ಹೊರಬಿದ್ದೆ. ದಾರಿಯಲ್ಲಿ ಅವಳು ಕೇಳಿದಳು: “ಊಟ ಭಾಳ ಚೊಲೋ ಆಗಿತ್ತಲ್ರಿ?” ನಾವಿಬ್ಬರೂ ಉಂಡಿರಲಿಲ್ಲ.

ನನ್ನ ಸಿಟ್ಟಿಗೆ ಅಂದು ಒಂದೇ ಆಧಾರವಿತ್ತು: ಹೆಸರು ಹೇಳದಿರುವುದು ನಮ್ಮ ರಿವಾಜು, ಮರೆವಲ್ಲ. ಅದೊಂದು ಗೂಟಕ್ಕೆ ಉಳಿದದ್ದನ್ನೆಲ್ಲ ಕಟ್ಟಿಹಾಕಿದ್ದೆ. ಗಿರಣಿಯಿಂದ ಬರುವಾಗ ದಾರಿ ತಪ್ಪಿದ್ದು, ಒಗೆದ ಸೀರೆಯನ್ನು ಮತ್ತೆ ಒಗೆದದ್ದು, ಹಿಟ್ಟಿನ ಮುಂದೆ ಕೈಕಟ್ಟಿ ಕುಳಿತದ್ದು, ಎಲ್ಲವೂ ವಯಸ್ಸಿನ ಕೆಲಸ. ಹೆಸರು ಮಾತ್ರ ಅವಳ ನಾಲಿಗೆಯ ಹಿಂದೆ ಭದ್ರವಾಗಿದೆ ಎಂದು ನಂಬಿದ್ದೆ.

ಅದು ಭದ್ರವಾಗಿಯೇ ಇತ್ತು. ಅದು ನನಗೆ ತಿಳಿದ ಬಗೆ ಹೀಗೆ.

ಒಂದು ಬೆಳಿಗ್ಗೆ ಮನೆಯ ಮುಂದಿನ ಕಟ್ಟೆಯ ಮೇಲೆ ಪತ್ರಿಕೆ ಓದುತ್ತ ಕುಳಿತಿದ್ದೆ. ಹೆಂಡತಿ ಒಳಗಿನಿಂದ ಬಂದಳು. ಹೊರಗಿನ ಗಂಡಸರ ಮುಂದೆ ಹಾಕಿಕೊಳ್ಳುವಂತೆ ತಲೆಯ ಮೇಲೆ ಸೆರಗು. ಕೈಯಲ್ಲಿ ಚೀಲ. ನನ್ನಿಂದ ಎರಡು ಮಾರು ದೂರ ನಿಂತು, ಗೌರವದಿಂದ ಕೇಳಿದಳು:

“ಯಜಮಾನ್ರ, ಇಲ್ಲಿ ಸರ್ವೆ ಆಫೀಸಿನಾಗ ಕೆಲಸ ಮಾಡ್ತಾರಲ್ರಿ…” ಎಂದು ನನ್ನ ಹೆಸರನ್ನು, ನನ್ನ ತಂದೆಯ ಹೆಸರನ್ನು, ಮನೆತನದ ಅಡ್ಡಹೆಸರನ್ನು ಒಂದಾದ ಮೇಲೊಂದು ಸ್ಪಷ್ಟವಾಗಿ ಹೇಳಿ, “ಅವರ ಮನಿ ಯಾವುದ್ರಿ?” ಎಂದಳು.

ಮದುವೆಯಾಗಿ ನಲವತ್ತಾರು ವರ್ಷ. ಒಡಪಿನ ಹೊರಗೆ ನನ್ನ ಹೆಸರು ಅವಳ ಬಾಯಿಂದ ಬಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಒಂದಕ್ಷರವೂ ತಪ್ಪಿರಲಿಲ್ಲ. ಅಪರಿಚಿತನ ಮುಂದೆ ದಾರಿ ಕೇಳುವಾಗ ಹೆಸರು ಹೇಳದೆ ಬೇರೆ ಉಪಾಯವಿಲ್ಲ, ಆದ್ದರಿಂದ ಹೇಳಿದಳು.

“ಯಾಕ್ರಿ, ಅವರ ಹತ್ರ ಏನು ಕೆಲಸಿತ್ತು?” ಎಂದು ಕೇಳುವಾಗ ನನ್ನ ದನಿ ನನಗೇ ಹೊಸದಾಗಿತ್ತು.

“ನಾ ಅವರ ಮನಿಯಾಕಿ. ಹೊತ್ತಾಗ್ಯಾದ. ಅವರು ಸೈಟಿಗೆ ಹೋಗೂದ್ರೊಳಗ ಬುತ್ತಿ ಕಟ್ಟಬೇಕು. ಸಿಟ್ಟಿನ ಮನಷ್ಯಾ.”

ಅವಳು ಹುಡುಕುತ್ತಿದ್ದ ಮನುಷ್ಯನಿಗೆ ಕಪ್ಪು ಮೀಸೆ ಇತ್ತು, ಹೆಗಲಿಗೆ ಅಳತೆಯ ಸರಪಳಿ ಇತ್ತು. ಕಟ್ಟೆಯ ಮೇಲೆ ಕುಳಿತ ಮುದುಕನಿಗೆ ಆ ಹೆಸರು ಹೊಂದುತ್ತಿರಲಿಲ್ಲ. ದವಾಖಾನೆಯಲ್ಲಿ ಅವಳು ತಡೆದು ನಿಂತದ್ದು ಸಂಕೋಚದಿಂದಲೋ, ಬೆರಳು ತೋರಿಸಿದ ಕಡೆ ಕುಳಿತವನು ಯಾರೆಂದು ತಿಳಿಯದೆಯೋ, ನನಗೆ ಇಂದಿಗೂ ಗೊತ್ತಿಲ್ಲ. ರಿವಾಜಿನ ಮರೆಯಲ್ಲಿ ಕಾಯಿಲೆ ವರ್ಷವಿಡೀ ಕುಳಿತಿತ್ತು, ಮತ್ತು ಬಾಗಿಲು ಕಾಯುತ್ತಿದ್ದವನು ನಾನು.

ಸೊಸೆ ಬಂದು, “ಅತ್ತ್ಯಾರ, ಬರ್ರಿ, ಅವರ ಮನಿ ಇದ ಅದ, ಒಳಗ ಬರ್ರಿ” ಎಂದು ಕೈ ಹಿಡಿದು ಕರೆದುಕೊಂಡು ಹೋದಳು. ನನ್ನನ್ನು ನೋಡಿ ಒಂದು ಮಾತೂ ಆಡಲಿಲ್ಲ. ಆಡಬೇಕಾಗಿತ್ತು. ಆಡಿದ್ದರೆ ನನಗೆ ಉತ್ತರ ಕೊಡಲಿಕ್ಕಾದರೂ ಬರುತ್ತಿತ್ತು.

ಅದೇ ವಾರ ಮತ್ತೆ ಯಾದಗಿರಿಗೆ ಹೋದೆವು. ವೈದ್ಯೆ ನನ್ನನ್ನು ಗುರುತಿಸಿದರು.

“ಸರ್, ಆವತ್ತು ನೀವು ಹೇಳಿದ್ದರಲ್ಲಿ ಒಂದು ಸರಿ ಇತ್ತು. ಈಗ ನಾನು ಹೆಣ್ಣುಮಕ್ಕಳಿಗೆ ಆ ಪ್ರಶ್ನೆ ಹಾಗೆ ಕೇಳೋದಿಲ್ಲ. ಮಳೆ, ಹಬ್ಬ ಕೇಳ್ತೀನಿ. ಮನೆಯವರನ್ನ ಬೇರೆ ಕೂರಿಸಿ ಕೇಳ್ತೀನಿ.”

ಇಷ್ಟು ಸಭ್ಯವಾದ ಮಾತಿಗೆ ಸಿಟ್ಟು ಮಾಡಿಕೊಳ್ಳುವುದು ನನಗೂ ಆಗಲಿಲ್ಲ. ಅವರು ಸೊಸೆಯನ್ನು ಪಕ್ಕದ ಕೋಣೆಗೆ ಕರೆದು ಅರ್ಧ ಗಂಟೆ ಮಾತಾಡಿದರು. ರಕ್ತ ಪರೀಕ್ಷೆಯಾಯಿತು, ಕಲಬುರಗಿಗೆ ಹೋಗಿ ಸ್ಕ್ಯಾನ್ ಮಾಡಿಸಿದೆವು. ಥೈರಾಯ್ಡ್ ತೊಂದರೆ, ವಿಟಮಿನ್ ಕೊರತೆ ಇದ್ದರೂ ಮರೆವು ಬರುತ್ತದೆಂದೂ, ಅವುಗಳಿಗೆ ಔಷಧಿಯಿದೆಯೆಂದೂ, ಅದಕ್ಕಾಗಿಯೇ ಮೊದಲು ಅವುಗಳನ್ನು ನೋಡಬೇಕೆಂದೂ ವೈದ್ಯೆ ಹೇಳಿದಾಗ ನಾನು ಕಳೆದ ತಿಂಗಳುಗಳನ್ನು ಎಣಿಸಿದೆ. ಹಾಗೇನಾದರೂ ಇದ್ದಿದ್ದರೆ, ಗುಣವಾಗುವ ಕಾಯಿಲೆಯನ್ನು ನಾನು ಒಂದು ವರ್ಷ ಸಾಕಿದ್ದೆ ಎಂದಾಗುತ್ತಿತ್ತು. ಫಲಿತಾಂಶ ಬಂತು, ಅವೆರಡೂ ಇರಲಿಲ್ಲ. ಅದಕ್ಕೆ ಸಮಾಧಾನಪಟ್ಟೆನೆಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

“ಡಿಮೆನ್ಷಿಯಾ ಅನ್ನೋದು ಈ ಥರದ ಮರೆವಿಗೆಲ್ಲ ಒಟ್ಟು ಹೆಸರು. ಅಮ್ಮನಿಗೆ ಇರೋದು ಅದರಲ್ಲಿ ಆಲ್ಝೈಮರ್ ಅನ್ನೋ ಕಾಯಿಲೆ ಅಂತ ಕಾಣುತ್ತೆ. ವಾಸಿಯಾಗೋದಿಲ್ಲ. ಮಾತ್ರೆಯಿಂದ ಕೆಲವರಿಗೆ ಸ್ವಲ್ಪ ದಿನ ಅನುಕೂಲ ಆಗುತ್ತೆ. ಹೊಸದು ಮೊದಲು ಹೋಗುತ್ತೆ, ಹಳೇದು ಬಹಳ ದಿನ ಉಳಿಯುತ್ತೆ.”

ನಾನು ಹಣೆಬರಹ, ಆಯುಷ್ಯ ಎಂದೆಲ್ಲ ಯೋಚಿಸುತ್ತಿದ್ದಾಗ ಸೊಸೆ ಕೆಲಸದ ಪ್ರಶ್ನೆ ಕೇಳಿದಳು.

“ಅತ್ತ್ಯಾರು ದಿನಾ ಮಧ್ಯಾಹ್ನ ಚೀಲ ಹಿಡದು ಬೋನಾಳಕ್ಕ ಹೊಂಡ್ತಾರ್ರಿ. ಅವ್ವ ದಾರಿ ಕಾಯಾಕತ್ತಾಳ ಅಂತಾರ. ಅವಾಗ ಏನು ಹೇಳಬೇಕ್ರಿ?”

“ಈಗ ಏನು ಹೇಳ್ತೀರಿ?”

ಹೇಳುತ್ತಿದ್ದವನು ನಾನು. “ನಿಮ್ಮವ್ವ ಸತ್ತು ಇಪ್ಪತ್ತೆರಡು ವರ್ಷ ಆತು” ಎಂದು ದಿನವೂ ತಿದ್ದುತ್ತಿದ್ದೆ. ದಿನವೂ ಅವಳು ಆಗಷ್ಟೇ ಸುದ್ದಿ ಕೇಳಿದವಳಂತೆ ಎದೆ ಬಡಿದುಕೊಂಡು ಅಳುತ್ತಿದ್ದಳು.

“ತಿದ್ದಬೇಡಿ ಸರ್. ನೀವು ತಿದ್ದಿದ್ದು ಉಳಿಯೋದಿಲ್ಲ, ಅಳು ಮಾತ್ರ ಉಳಿಯುತ್ತೆ. ಅವರ ಅಮ್ಮ ಹೇಗಿದ್ದರು ಅಂತ ಕೇಳಿ, ಮಾತಾಡಲಿ. ಜೊತೆಗೆ ನಾಲ್ಕು ಹೆಜ್ಜೆ ನಡೀರಿ. ಪರೀಕ್ಷೆ ಮಾಡಬೇಡಿ, ‘ನಾನು ಯಾರು ಹೇಳು’ ಅನ್ನಬೇಡಿ. ಗ್ಯಾಸಿನ ಕಡೆ ಗಮನ ಇರಲಿ. ಕೈಗೆ ಬರೋ ಕೆಲಸ ಕೊಡ್ತಾ ಇರಿ. ಮತ್ತೆ, ಕೂಡಿ ಹಾಕಬೇಡಿ. ಹೆದರ್ತಾರೆ.”

“ಕೂಡಿ ಹಾಕಾಕ ಅಕಿ ಏನು ದನಾನ್ರಿ?” ಎಂದೆ. ಆ ಮಾತನ್ನು ಗಟ್ಟಿಯಾಗಿಯೇ ಹೇಳಿದೆ.

ಯಾಕೆಂದರೆ ಆ ಸಲಹೆ ಅದಾಗಲೇ ನನ್ನ ಕಿವಿಗೆ ಬಿದ್ದಿತ್ತು. ಯಾದಗಿರಿಯಲ್ಲಿ ಬಸ್ಸಿಗೆ ಕಾಯುವಾಗ ಮುದನಾಳದ ಒಬ್ಬ ಹಳೆಯ ಪರಿಚಯದವನು, ತನ್ನ ತಾಯಿಯನ್ನು ಕೊನೆಯ ಎರಡು ವರ್ಷ ಕೋಣೆಯಲ್ಲಿಟ್ಟು ಚಿಲಕ ಹಾಕಿದ್ದನ್ನು ಸಾಧನೆಯಂತೆ ಹೇಳಿದ್ದ. ಸಗರದಿಂದ ತಮ್ಮನ ಹೆಂಡತಿಯೂ ಫೋನಿನಲ್ಲಿ ಸೊಸೆಗೆ ಅದನ್ನೇ ಹೇಳಿದ್ದಳು: “ನೀ ಒಬ್ಬಾಕಿ ಎಷ್ಟಂತ ಬೆನ್ನು ಹತ್ತಿ ತಿರಗ್ತೀ? ಹೊರಗಿಂದ ಚಿಲಕ ಹಾಕು, ನಿನ್ನ ಕೆಲಸ ನೋಡ್ಕೋ.” ನಾನು ಫೋನು ಕಸಿದುಕೊಂಡು, “ನಮ್ಮ ಮನಿ ಚಿಲಕದ ಚಿಂತಿ ನಿನಗ ಬ್ಯಾಡ” ಎಂದಿದ್ದೆ. ನನ್ನ ಹೆಂಡತಿ ಮನೆಯೊಳಗಿನ ಮನುಷ್ಯಳಾಗಿ, ಬಾಗಿಲು ತೆರೆದ ಮನೆಯಲ್ಲಿ ಕೊನೆಯವರೆಗೂ ಇರಬೇಕು. ನನಗೆ ಬೇಕಾಗಿದ್ದದ್ದು ಅಷ್ಟೇ. ಅವಳಿಗೆ ನಾನು ಯಾರೆಂದು ತಿಳಿಯದಿದ್ದರೂ ಸರಿ.

ಹೇಳುವುದು ನನ್ನ ಪಾಲಿಗೆ ಬಂತು, ಮಾಡುವುದು ಸೊಸೆಯ ಪಾಲಿಗೆ. ಇದನ್ನು ಬರೆಯದೆ ಬಿಟ್ಟರೆ ಅನ್ಯಾಯ. ಹೊಲಿಗೆ ಯಂತ್ರವನ್ನು ಬಾಗಿಲ ಬಳಿ ತಂದಿಟ್ಟುಕೊಂಡಳು. ಅತ್ತೆಗೆ ಬಟ್ಟೆಯ ತುಂಡುಗಳನ್ನು ಬಣ್ಣವಾರು ಬೇರೆ ಮಾಡುವ ಕೆಲಸ ಕೊಟ್ಟಳು; ಸಂಜೆ ಅವನ್ನೆಲ್ಲ ಕಲಸಿ, ಮರುದಿನ ಮತ್ತೆ ಕೊಟ್ಟಳು. ರೊಟ್ಟಿ ಬಡಿಯುವಾಗ ತಾನು ಒಂದು ಏಟು ಹಾಕಿ ಅತ್ತೆಯ ಕೈಯನ್ನು ಹಿಟ್ಟಿನ ಮೇಲಿಡುತ್ತಿದ್ದಳು. ಕೈ ತಾನೇ ಮುಂದುವರಿಯುತ್ತಿತ್ತು. “ಮುಂದೇನವಾ?” ಎಂಬ ಪ್ರಶ್ನೆಗೆ ಒಂದು ದಿನದಲ್ಲಿ ಎಷ್ಟು ಸಲ ಉತ್ತರ ಕೊಟ್ಟಳೋ. ಊರವರು ಬಂದು, “ಪುಣ್ಯಾ ಮಾಡೀರಿ, ಇಂಥಾ ಸೊಸಿ ಸಿಕ್ಕಾಳ” ಎಂದು ನನಗೆ ಹೇಳಿ ಹೋಗುತ್ತಿದ್ದರು. ಒಂದು ತಾಸು ಕುಳಿತು ಅವಳಿಗೆ ಬಿಡುವು ಕೊಟ್ಟವರು ಯಾರೂ ಇಲ್ಲ. ನಾನೂ ಕೊಡಲಿಲ್ಲ. ನಾನು ಪತ್ರಿಕೆ ಓದುತ್ತಿದ್ದೆ.

ನವೆಂಬರ್ ತಿಂಗಳು. ಪಿಂಚಣಿದಾರರು ತಾವು ಬದುಕಿದ್ದೇವೆಂದು ಬ್ಯಾಂಕಿಗೆ ಹೋಗಿ ತೋರಿಸಬೇಕಾದ ತಿಂಗಳು. ಸೊಸೆ ದಾರದ ಉಂಡೆ ತರಲು ಪೇಟೆಗೆ ಹೋಗಿದ್ದಳು. ಹೆಂಡತಿ ಊಟ ಮಾಡಿ ಮಲಗಿದ್ದಳು. ಇಪ್ಪತ್ತು ನಿಮಿಷದ ಕೆಲಸ ಎಂದುಕೊಂಡೆ. ಹೊರಗೆ ಬಂದು ಬಾಗಿಲು ಎಳೆದೆ. ಕೈ ತಾನಾಗಿ ಚಿಲಕ ಹಾಕಿತು ಎಂದು ಬರೆದರೆ ಅದು ಸುಳ್ಳು. ನಾನು ಅತ್ತಿತ್ತ ನೋಡಿ, ಯಾರೂ ಇಲ್ಲವೆಂದು ಖಚಿತಪಡಿಸಿಕೊಂಡು ಹಾಕಿದೆ.

ಬ್ಯಾಂಕಿನಲ್ಲಿ ಬೆರಳಚ್ಚಿನ ಯಂತ್ರ ಕೆಟ್ಟಿತ್ತು. ಕಾಯಿರಿ ಎಂದರು, ಆಮೇಲೆ ನಾಳೆ ಬರ್ರಿ ಎಂದರು. ಹಿಂತಿರುಗುವಷ್ಟರಲ್ಲಿ ಒಂದು ತಾಸಿಗಿಂತ ಹೆಚ್ಚು ಕಳೆದಿತ್ತು. ಮನೆಯ ಮುಂದೆ ಓಣಿಯ ಹೆಂಗಸರು ನಿಂತಿದ್ದರು. ಒಳಗಿನಿಂದ ಹೆಂಡತಿ ಬಾಗಿಲು ತಟ್ಟುತ್ತಿದ್ದಳು. ಕಿರುಚುತ್ತಿರಲಿಲ್ಲ. ಪರರ ಮನೆಗೆ ಬಂದವಳಂತೆ ಮೆತ್ತಗೆ ತಟ್ಟಿ, ಮೆತ್ತಗೆ ಹೇಳುತ್ತಿದ್ದಳು:

“ಯಾರರೆ ಅದೀರೇನ್ರಿ? ನನ್ನಿಂದೇನರೆ ತಪ್ಪಾಗಿದ್ರ ಹೇಳ್ರಿ. ಇನ್ನೊಮ್ಮಿ ಮಾಡಂಗಿಲ್ರಿ.”

ಹೆಂಗಸರಲ್ಲಿ ಯಾರೂ ಚಿಲಕ ತೆಗೆದಿರಲಿಲ್ಲ. ಅಜ್ಜನ ಸಿಟ್ಟು ಅವರಿಗೆ ಗೊತ್ತು. ಅಜ್ಜ ಹಾಕಿದ ಚಿಲಕಕ್ಕೆ ಕೈ ಹಚ್ಚುವ ಧೈರ್ಯ ಅವರಿಗಿರಲಿಲ್ಲ. ನನ್ನ ಹಿಂದೆಯೇ ಸೊಸೆ ಬಂದಳು. ಚೀಲ ಕೆಳಗಿಟ್ಟು ಚಿಲಕ ತೆಗೆದಳು, ಅತ್ತೆಯ ಮುಖವನ್ನು ತನ್ನ ಸೆರಗಿನಿಂದ ಒರೆಸಿದಳು, ನೀರು ಕುಡಿಸಿದಳು. ಆಮೇಲೆ ಮೊದಲ ಸಲ ನನ್ನ ಮುಖ ನೋಡಿ ಮಾತಾಡಿದಳು.

“ಮಾವಾರ, ಸಗರದ ಚಿಗವ್ವಾರು ಬಾಯ್ಲೆ ಅಷ್ಟ ಅಂದಿದ್ರು. ನೀವು ಮಾಡಿ ತೋರಿಸಿದ್ರಿ.”

ಅವಳು ಕೆಳಗಿಟ್ಟಿದ್ದ ಚೀಲವನ್ನು ಎತ್ತಿ ಒಳಗಿಟ್ಟೆ.

“ನಾಳಿ ಬ್ಯಾಂಕಿಗಿ ಹೋಗ್ತೀರಲ್ರಿ? ಅತ್ತ್ಯಾರನ್ನ ಕರಕೊಂಡ ಹೋಗ್ರಿ. ನಾಳಿ ಅಷ್ಟ ಅಲ್ಲ, ದಿನಾ ಮಧ್ಯಾಹ್ನ ಎರಡು ತಾಸು ನಿಮ್ಮವು. ನನಗ ಎರಡು ತಾಸು ಕೊಡ್ರಿ.”

ಅದು ಬೇಡಿಕೆಯಾಗಿರಲಿಲ್ಲ. ತಲೆ ಅಲ್ಲಾಡಿಸಿದೆ. “ರೊಟ್ಟಿ ಮಾತು ಹೇಳಿದಾಗ ನಾ ನಿನಗ ಅಂದದ್ದು ತಪ್ಪಾತವಾ” ಎಂದೆ.

“ಯಾವ ಮಾತ್ರಿ?” ಎಂದಳು ಸೊಸೆ. ಅವಳಿಗೆ ನಿಜವಾಗಿ ನೆನಪಿರಲಿಲ್ಲವೋ, ನೆನಪಿಟ್ಟುಕೊಳ್ಳಲು ಪುರಸೊತ್ತಿರಲಿಲ್ಲವೋ.

ಮರುದಿನ ಹೆಂಡತಿಗೆ ಇಳಕಲ್ ಸೀರೆ ಉಡಿಸಿ, ಸೊಸೆ ಅವಳ ಕೈಯನ್ನು ನನ್ನ ಕೈಗೆ ಕೊಟ್ಟಳು. ಹತ್ತು ನಿಮಿಷದ ದಾರಿಗೆ ಅರ್ಧ ತಾಸು ಹಿಡಿಯಿತು. “ಬೋನಾಳ ಇನ್ನ ಎಷ್ಟು ದೂರ್ರಿ?” ಎಂದು ಕೇಳುತ್ತಲೇ ಇದ್ದಳು, “ನಿಮ್ಮ ಅವ್ವ ಏನೇನು ಅಡಿಗಿ ಮಾಡ್ತಿದ್ಳು?” ಎಂದು ನಾನು ಕೇಳುತ್ತಲೇ ಇದ್ದೆ. ತಿದ್ದಬೇಕೆನಿಸಿದಾಗಲೆಲ್ಲ ಹಲ್ಲು ಕಚ್ಚಿದೆ. ಬ್ಯಾಂಕಿನಲ್ಲಿ ಸಾಲು ಉದ್ದವಿತ್ತು. ಹೆಂಡತಿ ಸಾಲಿನಲ್ಲಿದ್ದ ಪ್ರತಿಯೊಬ್ಬರನ್ನೂ “ಊಟ ಆತೇನ್ರಿ?” ಎಂದು ಕೇಳಿ, ಕೇಳಿದವರನ್ನೇ ಮತ್ತೆ ಕೇಳಿದಳು. ಗಾಜಿನ ಹಿಂದಿನ ಗುಮಾಸ್ತ ತಲೆಯೆತ್ತಿದ.

“ಅಜ್ಜಾರ, ಇಂಥಾ ಮಂದೀನ ಮನಿಯಾಗ ಬಿಟ್ಟು ಬರಬಾರದೇನ್ರಿ? ಇಲ್ಲಿ ಗಿರಾಕಿಗಳಿಗಿ ತ್ರಾಸ್ ಆಗ್ತದ.”

“ಎಂಥಾ ಮಂದೀನ್ರಿ?” ಎಂದೆ. ದನಿ ಬ್ಯಾಂಕಿನ ತುಂಬ ಹೋಯಿತು. “ಊಟ ಆತೇನು ಅಂತ ಕೇಳೂದು ತ್ರಾಸೇನು? ನಿನ್ನೆ ನಿಮ್ಮ ಮಷೀನ್ ಕೆಟ್ಟಿತ್ತು, ಅದನ್ನ ಕೋಣ್ಯಾಗ ಹಾಕಿ ಚಿಲಕ ಹಾಕೀರೇನು? ಅಕಿ ನನ್ನ ಹೆಂಡ್ತಿ. ಆಲ್ಝೈಮರ್ ಅಂತ ಕಾಯಿಲಿ ಅದ. ಬರಕೋರಿ, ಹೆಸರು ಮರೀಬ್ಯಾಡ್ರಿ. ಅಕಿ ನನ್ನ ಕೂಡ ಬರ್ತಾಳ, ನಾಳಿಗೂ ಬರ್ತಾಳ. ಕುರ್ಚಿ ಹಾಕಿಸ್ರಿ.”

ಒಬ್ಬ ಯುವತಿ ತಾನು ಕುಳಿತಿದ್ದ ಕುರ್ಚಿಯಿಂದ ಎದ್ದು ಜಾಗ ಕೊಟ್ಟಳು. ಗುಮಾಸ್ತ ನನ್ನ ಪಿಂಚಣಿ ಪುಸ್ತಕಕ್ಕೆ ಕೈ ಚಾಚಿದ. ಯಂತ್ರದ ಮೇಲೆ ಬೆರಳಿಟ್ಟೆ. ಹಿಂದಿನಿಂದ ಹೆಂಡತಿ ಪಕ್ಕದ ಹೆಂಗಸಿಗೆ ಹೇಳುತ್ತಿದ್ದದ್ದು ಕೇಳಿಸಿತು.

“ಭಾಳ ಸಿಟ್ಟಿನವರದಾರ್ರಿ. ಯಾರ ಪೈಕಿಯೋ ಏನೋ. ಮುಂಜಾನಿಂದ ನನ್ನ ಕೂಡ ಅದಾರ.”

“ನಿಮ್ಮ ಯಜಮಾನ್ರ ಅಲ್ಲೇನ್ರಿ ಅವರು?”

ಕತ್ತು ತಿರುಗಿಸಿದೆ. ಹೆಂಡತಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ನಾನು ಬೆರಳು ತೆಗೆಯದೆ ಕಾದೆ.

“ಇರಬಹುದ್ರಿ” ಎಂದಳು. “ಕೇಳಿ ನೋಡೂನು, ಸಿಟ್ಟು ಇಳೀಲಿ.”